ಮಾವನ ಹೆಬ್ಬೆರಳು

ದೇವರು ಹತ್ತು ಬೆರಳು ಕೊಟ್ಟಿದ್ದರೂ ನಮ್ಮ ಮಾವ ಲೆಕ್ಕಕ್ಕೆ ಹಿಡಿದದ್ದು ಒಂದನ್ನೇ, ಬಲಗೈ ಹೆಬ್ಬೆರಳನ್ನು. ನಲವತ್ತು ವರ್ಷ ಬೇಕರಿ ನಡೆದದ್ದು ಅದರಿಂದಲೇ ಅಂತ ಬಂದವರಿಗೆಲ್ಲ ಹೇಳೋರು. ಬೆಳಿಗ್ಗೆ ಫ್ರಿಜ್ಜಿನಿಂದ ಬೆಣ್ಣೆ ತೆಗೆದು ಮೇಜಿನ ಮೇಲಿಡೋದು, ಆಮೇಲೆ ಒಂದೊಂದು ಗಟ್ಟಿಯನ್ನೂ ಒತ್ತಿ ನೋಡೋದು. ಬೆರಳು ಇಳಿಯದಿದ್ದರೆ ಕಾಯಬೇಕು. ಸಲೀಸಾಗಿ ಇಳಿದರೆ ಹದ ಮೀರಿತು ಅಂತ ಅರ್ಥ. ಕೊಂಚ ತಡೆದು ಗುಳಿ ಬಿದ್ದರೆ ಮಾತ್ರ ಅದು ಸಕ್ಕರೆ ಜೊತೆ ಸೇರೋಕೆ ಲಾಯಕ್ಕು.

ಸೊಸೆಯಾಗಿ ಬಂದ ಹೊಸದರಲ್ಲಿ ನಾನೊಂದು ಥರ್ಮಾಮೀಟರ್ ತಂದಿಟ್ಟೆ. "ಜ್ವರ ಬಂದಿರೋದು ಬೆಣ್ಣೆಗೋ, ನಿನಗೋ?" ಅಂದರು. ಎಂಟು ವರ್ಷ ನನ್ನನ್ನು ಬೆಣ್ಣೆ ಹತ್ತಿರ ಸುಳಿಯೋಕೂ ಬಿಡಲಿಲ್ಲ.

ಈ ವರ್ಷ ಬಿಸ್ಕತ್ತುಗಳು ಕೆಡತೊಡಗಿದವು. ಒಲೆಯೊಳಗೆ ಹೋದವು ಹರಡಿ, ಒಂದಕ್ಕೊಂದು ಅಂಟಿಕೊಂಡು ಹೊರಗೆ ಬರುತ್ತಿದ್ದವು. ಮಾವ ಮೊದಲು ಒಲೆಯನ್ನು ಬೈದರು, ಆಮೇಲೆ ಮೈದಾ ತರುವವನನ್ನು, ಆಮೇಲೆ ನಾನು ಗುನುಗುವ ಹಾಡನ್ನು. ಒಂದು ದಿನ ಇದ್ದಕ್ಕಿದ್ದಂತೆ, "ನಾಳೆಯಿಂದ ನಿನಗೆ ಪಾಠ" ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

"ಒತ್ತು. ಹೇಗಿದೆ?"

"ಇನ್ನೂ ಗಟ್ಟಿ ಮಾವ. ಹತ್ತು ನಿಮಿಷ ಬಿಡಬೇಕು."

"ಪರವಾಗಿಲ್ಲ, ತಲೆ ಓಡುತ್ತೆ."

ವಾರದಲ್ಲಿ ಬಿಸ್ಕತ್ತು ಸರಿಹೋಯಿತು. ಪಾಠ ಮಾತ್ರ ಮುಗಿಯಲೇ ಇಲ್ಲ. ಮುದುಕರಿಗೆ ಮೇಷ್ಟ್ರಾಗೋ ಚಟ ಹತ್ತಿದೆ ಅಂತ ಒಳಗೊಳಗೇ ನಗುತ್ತಿದ್ದೆ.

ಒಂದು ಬೆಳಿಗ್ಗೆ ಒಲೆಯಿಂದ ತೆಗೆದ ತಟ್ಟೆಯ ಅಂಚಿಗೆ ಮಾವ ಹೆಬ್ಬೆರಳು ತಾಗಿಸಿಕೊಂಡು ಮಾತಾಡುತ್ತಾ ನಿಂತಿದ್ದರು. ಚರ್ಮ ಸುಡುತ್ತಿತ್ತು, ಅವರಿಗೆ ಗೊತ್ತೇ ಇಲ್ಲ. ಕೈ ಎಳೆದೆ.

"ಯಾವಾಗಿಂದ ಮಾವ?"

"ಆರು ತಿಂಗಳಾಯ್ತು, ಬೆರಳಿಗೆ ಏನೂ ತಿಳಿಯಲ್ಲ. ಡಾಕ್ಟರು ವಯಸ್ಸು ಅಂದ್ರು." ದನಿ ತಗ್ಗಿಸಿದರು. "ನಿನ್ನ ಗಂಡನಿಗೆ ಹೇಳಬೇಡಮ್ಮ. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿಬಿಡ್ತಾನೆ. ಈ ಮೇಜು ಬಿಟ್ಟು ನಾನೇನು ಮಾಡಲಿ?"

ಇಷ್ಟು ದಿನ ಅವರು ಹೇಳಿಕೊಡುತ್ತಿರಲಿಲ್ಲ, ನನ್ನನ್ನೇ ಕೇಳುತ್ತಿದ್ದರು. ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮರುದಿನ ನಮ್ಮವರು ಒಳಗೆ ಬಂದು, ಮಾವನ ಬೆರಳಿಗೆ ಕಟ್ಟಿದ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಗಾಯ ಆಗಿದೆಯಲ್ಲ ಅಪ್ಪ, ಹದ ತಿಳಿಯುತ್ತಾ?"

ಮಾವ ಎಡಗೈ ಹೆಬ್ಬೆರಳಲ್ಲಿ ಬೆಣ್ಣೆ ಒತ್ತಿದರು. ಅದಕ್ಕೂ ತಿಳಿದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿದರು. ನಾನು ಆಗಲೇ ಒತ್ತಿ ನೋಡಿದ್ದೆ, ಹದವಾಗಿತ್ತು. ಗಂಡನ ಬೆನ್ನ ಹಿಂದೆ ನಿಂತು, "ಇನ್ನೂ ಗಟ್ಟಿ ಅಲ್ವಾ ಮಾವ?" ಅಂದೆ, ಅಲ್ಲ ಅಂತ ತಲೆಯಾಡಿಸುತ್ತಾ.

"ಎಲ್ಲಿ ಗಟ್ಟಿ? ಸರಿಯಾಗಿದೆ. ಎಷ್ಟು ಸಲ ಹೇಳಿದರೂ ಅಷ್ಟೇ, ಸಕ್ಕರೆ ತಗೊಂಡು ಬಾ."

ನಮ್ಮವರು ನಕ್ಕುಬಿಟ್ಟರು. "ನಿನಗಿನ್ನೂ ಹತ್ತು ವರ್ಷ ಪಾಠ ಬೇಕು ಕಣೇ."

"ಹತ್ತು ವರ್ಷ ಅಂತೇನಿಲ್ಲ," ಅಂದರು ಮಾವ ಬೆಣ್ಣೆಯನ್ನೇ ನೋಡುತ್ತಾ. "ನಾನಿರೋ ತನಕ ದಿನಾ ಬಂದು ಪಕ್ಕದಲ್ಲಿ ನಿಂತರೆ ಸಾಕು."

ನಾನು ಸಕ್ಕರೆ ಡಬ್ಬಿ ತಂದು ಪಕ್ಕದಲ್ಲಿ ನಿಂತೆ.