ಪಶ್ಚಿಮ ಭಾರತದ ಲೇಖಕಿ

ಕಳೆದ ವರ್ಷ ರಾಜ್ಯೋತ್ಸವದ ದಿನ, ನಾನು ಆಹ್ವಾನಿಸಿದ್ದ ಮುಖ್ಯ ಅತಿಥಿಯನ್ನು ನಮ್ಮ ಕನ್ನಡ ಬಳಗದವರು ಅಡುಗೆಯವರ ಬಾಗಿಲಿಗೆ ಕಳುಹಿಸಿದರು. ಸ್ಥಳ ಕೆನಡಾದ ಬ್ರ್ಯಾಂಪ್ಟನ್ನಿನ ಸಭಾಂಗಣ; ಸಮಯ ನಾಲ್ಕು ಗಂಟೆ ಹತ್ತು ನಿಮಿಷ.

ಅತಿಥಿಯ ಹೆಸರು ವೆರೋನಿಕಾ. ಕೆರಿಬಿಯನ್ ದ್ವೀಪವೊಂದರಲ್ಲಿ ಹುಟ್ಟಿ, ಹತ್ತೊಂಬತ್ತನೆಯ ವಯಸ್ಸಿಗೆ ನ್ಯೂಯಾರ್ಕ್ ಸೇರಿ, ಪತ್ರಿಕೆಯೊಂದಕ್ಕೆ ಇಪ್ಪತ್ತೆರಡು ವರ್ಷ ನ್ಯಾಯಾಲಯದ ವರದಿ ಬರೆದವರು. ದಿನವೂ ಕೆಲಸಕ್ಕೆ ಹೊರಡುವ ಮುನ್ನ ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಪುಟ ಬರೆದು, ಐವತ್ತರ ಹೊಸ್ತಿಲಲ್ಲಿ ಮೊದಲ ಕಾದಂಬರಿ ಹೊರತಂದರು. ಈಗ ನಾಲ್ಕಾಗಿವೆ. ಇಲ್ಲಿಗೆ ಹತ್ತಿರದ ಎರಿನ್ ಮಿಲ್ಸ್‌ನ ಗ್ರಂಥಾಲಯಕ್ಕೆ ಬಂದು ಅವರು ತಮ್ಮ ಕಾದಂಬರಿ ಓದಿದ್ದನ್ನು ಕೇಳಿದ್ದೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಪತ್ರಿಕೆಯ ಕರಡು ತಿದ್ದಿದ ನನಗೆ, ತೆಗೆದುಹಾಕಬೇಕೆನಿಸುವ ಒಂದು ಪದವೂ ಅಲ್ಲಿ ಸಿಗಲಿಲ್ಲ.

ಕರಪತ್ರಕ್ಕೆ 'ಕೆರಿಬಿಯನ್ ಮೂಲದ ಅಮೆರಿಕನ್ ಕಾದಂಬರಿಕಾರ್ತಿ' ಎಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದೆ. ಕಾರ್ಯದರ್ಶಿಗಳು ಅದನ್ನು ಬದಿಗಿಟ್ಟು, ಯಾವುದೋ ಪ್ರಕಟಣೆಯಲ್ಲಿದ್ದ 'ವೆಸ್ಟ್ ಇಂಡಿಯನ್' ಎಂಬುದನ್ನು ಫೋನಿನಲ್ಲಿ ಅನುವಾದಿಸಿ, 'ಪಶ್ಚಿಮ ಭಾರತದ ಲೇಖಕಿ' ಎಂದು ಅಚ್ಚು ಹಾಕಿಸಿದರು. ಹೀಗಾಗಿ ಬಾಗಿಲಲ್ಲಿ ಆರತಿ ಹಿಡಿದವರು ಸೀರೆಯುಟ್ಟ ಗುಜರಾತಿ ಮಹಿಳೆಗಾಗಿ ಕಾಯುತ್ತಿದ್ದರು. ಚಳಿಯ ಕೋಟು ತೊಟ್ಟ ಕಪ್ಪುವರ್ಣದ ಮಹಿಳೆ ಬಂದಾಗ, "ಕೇಟರಿಂಗಿನವರಿಗೆ ಬ್ಯಾಕ್ ಡೋರ್, ಮ್ಯಾಮ್" ಎಂದರು. ನಾನು ಪಾರ್ಕಿಂಗಿನಲ್ಲಿ ಅವರ ಕಾರಿಗೆ ಕಾಯುತ್ತಿದ್ದೆ. ಅವರು ಬಸ್ಸಿನಲ್ಲಿ ಬಂದಿದ್ದರು.

ಕೊನೆಗೆ ಅವರು ನನಗೆ ಸಿಕ್ಕಿದ್ದು ಬಿಸಿಬೇಳೆಬಾತಿನ ಪಾತ್ರೆಗಳ ನಡುವೆ. ಕ್ಷಮೆ ಕೇಳಿ, ಕರಪತ್ರ ಓದಿ ಹೇಳಿದೆ. ಅವರು ಗಟ್ಟಿಯಾಗಿ ನಕ್ಕರು.

"ಐದು ಶತಮಾನಗಳ ಹಿಂದೆ ನಮ್ಮ ದ್ವೀಪಗಳನ್ನೇ ಭಾರತವೆಂದುಕೊಂಡು ಒಬ್ಬ ನಾವಿಕನೂ ಇದೇ ತಪ್ಪು ಮಾಡಿದ. ನಿಮ್ಮವರು ಊಟವನ್ನಾದರೂ ಹಾಕುತ್ತಿದ್ದಾರೆ."

ಆಮೇಲೆ ಗಂಭೀರವಾದರು. "ಪತ್ರಿಕೆಯಲ್ಲಿ ನನ್ನ ಮೊದಲ ಕೆಲಸ ತಿದ್ದುಪಡಿ ಬರೆಯುವುದಾಗಿತ್ತು. ಸಣ್ಣ ತಪ್ಪೆಂದು ನಾವು ಅಂದುಕೊಳ್ಳುತ್ತೇವೆ. ಯಾರ ಬಗ್ಗೆ ತಪ್ಪಾಗಿದೆಯೋ ಅವರು ಮಾತ್ರ ಮರುದಿನ ಬೆಳಿಗ್ಗೆ ಆ ತಿದ್ದುಪಡಿಯೊಂದನ್ನೇ ಹುಡುಕುತ್ತಾರೆ. ಅಚ್ಚಿನಲ್ಲಿ ನನ್ನ ಊರನ್ನು ಸರಿಮಾಡಿಸಿ."

ನಂತರ ವೇದಿಕೆಯೇರಿ, ಊರವರ ಬಟ್ಟೆಗೆ ಇಸ್ತ್ರಿ ಹಾಕಿ ತಮ್ಮನ್ನು ಓದಿಸಿದ ತಾಯಿಯ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದರು. ದೂರಿನ ಒಂದು ಮಾತೂ ಇರಲಿಲ್ಲ. ಅಂತಹ ಘನತೆಯನ್ನು ನಾನು ಹೆಚ್ಚು ಕಂಡವನಲ್ಲ. ನನಗಂತೂ ಅದು ಸಾಧ್ಯವಾಗುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ತಡೆದು ನಿಲ್ಲಿಸಿದೆ.

"ಕಾಕಾ, ಆಕಿನ ನಕ್ಕಾಳ, ನೀವ್ಯಾಕ ಸಿಟ್ಟಾಗ್ತೀರಿ? ವೆಸ್ಟ್ ಅಂದ್ರ ಪಶ್ಚಿಮ, ಇಂಡಿಯನ್ ಅಂದ್ರ ಭಾರತದವರು. ಗ್ರಾಮರ್ ಕರೆಕ್ಟ್ ಐತಲ್ಲ."

"ಆಕೆಯ ಊರು ಭಾರತದಲ್ಲಿಲ್ಲ."

"ಆತ್ ಬಿಡ್ರಿ, ನ್ಯೂಸ್‌ಲೆಟರಿನಾಗ ಕರೆಕ್ಷನ್ ಹಾಕೋಣಂತ."

ನ್ಯೂಸ್‌ಲೆಟರ್ ಬಂತು. ವೆರೋನಿಕಾರ ದೊಡ್ಡ ಭಾವಚಿತ್ರದ ಕೆಳಗೆ ಮತ್ತೆ 'ಪಶ್ಚಿಮ ಭಾರತದ ಲೇಖಕಿ' ಎಂದೇ ಇತ್ತು. ಬಳಗಕ್ಕೆ ಮೂರು ಪತ್ರ ಬರೆದೆ. ಮೂರರ ಪ್ರತಿಗಳೂ ನನ್ನಲ್ಲಿವೆ. ಉತ್ತರ ಒಂದಕ್ಕೂ ಬಂದಿಲ್ಲ.

ಕಳೆದ ವಾರ ವೆರೋನಿಕಾ ಇಮೇಲ್ ಕಳುಹಿಸಿದ್ದಾರೆ. ಐದನೆಯ ಕಾದಂಬರಿ ಅಚ್ಚಿಗೆ ಹೋಗಿದೆಯಂತೆ. ಕೊನೆಯ ಸಾಲಿನಲ್ಲಿ, ತಿದ್ದುಪಡಿ ಬಂದಿದ್ದರೆ ಒಂದು ಪ್ರತಿ ಕಳುಹಿಸಿ, ತಾಯಿಗೆ ತೋರಿಸಬೇಕು ಎಂದು ಕೇಳಿದ್ದಾರೆ.

ಬಳಗದ ಪದಾಧಿಕಾರಿಗಳೇ, ಆ ತಾಯಿಗೆ ನಾನು ಏನನ್ನು ಕಳುಹಿಸಲಿ?