ಖಂಡೇನವಮಿಯ ಪೂಜೆಗೆ ಕೂತ ವಿಡಿಯೋ ಗೇಮ್

ಹಳೆಯ ವಸ್ತು ಕೊಂಡವನಿಗೆ ನೆಮ್ಮದಿ ಕಡಿಮೆ ಎಂದು ಯಾರೂ ನನಗೆ ಮೊದಲೇ ಹೇಳಲಿಲ್ಲ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವವರಂತೆ ನಾನು ಆಗಾಗ ಅಡಾಪ್ಟರ್ ಮುಟ್ಟಿ ಬಿಸಿ ನೋಡುತ್ತಿದ್ದೆ. ನಗಬೇಡಿ, ನೀವೂ ಪುಣೆಯ ಹಳೆ ಸಾಮಾನಿನ ಸಂತೆ ಜುನಾ ಬಾಜಾರದಲ್ಲಿ ಒಂದು ವಿಡಿಯೋ ಗೇಮ್ ಕೊಂಡು ನೋಡಿ.

ಅದು ಕ್ಯಾಸೆಟ್ ಸಿಕ್ಕಿಸಿ ಆಡುವ ಕಾಲದ್ದು. ಎರಡು ಸಾವಿರದ ಇಸವಿ ದಾಟಿ, ಅಂಗಡಿಗಳಲ್ಲೆಲ್ಲ ಸಿಡಿ ಹಾಕಿ ಆಡುವ ಯಂತ್ರಗಳು ಬಂದಿದ್ದವು. ಇದು ಮಾತ್ರ ಹಳೆ ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳ ನಡುವೆ ಗೋಣಿತಾಟಿನ ಮೇಲೆ ಕೂತಿತ್ತು. "ಏಕದಂ ಚಾಲೂ ಆಹೇ, ಸಾಹೇಬ" ಎಂದ ಮಾರುವವ. ಚಾಲೂ ಇದೆಯೆಂದು ತೋರಿಸಲು ಅಲ್ಲಿ ಟಿವಿಯೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಚೌಕಾಶಿಯಲ್ಲಿ ಗಟ್ಟಿಗನೆಂದು ಆಫೀಸಿನಲ್ಲಿ ಹೆಸರಾದ ನಾನು ಅವನು ಕೇಳಿದಷ್ಟು ಕೊಟ್ಟು ಬಂದೆ.

ಕಾರಣ ನನ್ನ ಅಕ್ಕ. ತೊಂಬತ್ತರ ದಶಕದಲ್ಲಿ, ಅಪ್ಪನಿಗೆ ಬೆಳಗಾವಿಯಿಂದ ವರ್ಗವಾಗಿ ನಾವು ಪುಣೆಗೆ ಬಂದ ಹೊಸತರಲ್ಲಿ, ಬೇಸಿಗೆ ರಜೆಗೆ ಇಂಥದೇ ಒಂದನ್ನು ಬಾಡಿಗೆಗೆ ತಂದು ಇಬ್ಬರೂ ಟ್ಯಾಂಕುಗಳ ಆಟ ಆಡುತ್ತಿದ್ದೆವು. ಆಡಿದ್ದಕ್ಕಿಂತ ಕಚ್ಚಾಡಿದ್ದೇ ಹೆಚ್ಚು. ಮದುವೆಯಾಗಿ ಬಾರಾಮತಿಗೆ ಹೋದ ಮೇಲೆ ಅಕ್ಕ ನನಗೆ ಬೀಗರ ಪೈಕಿಯವಳಂತಾದಳು. ಫೋನಿನಲ್ಲಿ ಆಕೆ ನನ್ನ ಆರೋಗ್ಯ ಕೇಳುವುದು, ನಾನು ಅಲ್ಲಿಯ ಮಳೆ ಕೇಳುವುದು, ಅಲ್ಲಿಗೆ ಮಾತು ಮುಗಿಯುವುದು. ಒಡಹುಟ್ಟಿದವರ ನಡುವೆ ಇಷ್ಟು ಮರ್ಯಾದೆ ಇರಬಾರದು. ನನಗೆ ಅದರಿಂದ ನೋವಾಗುತ್ತಿತ್ತು. ಆಕೆ ದಸರೆಗೆ ಬರುವವಳಿದ್ದಳು. ಅಲ್ಲಿಯವರೆಗೆ ಈ ಡಬ್ಬಿ ಜೀವ ಹಿಡಿದುಕೊಂಡಿದ್ದರೆ ಸಾಕಿತ್ತು.

ಕ್ಯಾಸೆಟ್ ಹತ್ತದಿದ್ದರೆ ಅದರ ಬಾಯಿಗೆ 'ಫೂ' ಎಂದು ಊದುವುದು ನಮ್ಮ ಕಾಲದ ರಾಮಬಾಣ. ಅದು ತಪ್ಪಂತೆ, ಉಸಿರಿನ ತೇವಕ್ಕೆ ಒಳಗಿನ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವಂತೆ. ತಾಮ್ರದ ತಂಬಿಗೆಗೆ ಹುಣಸೆಹಣ್ಣು ತಿಕ್ಕುವ ಮನೆಯಲ್ಲಿ ಬೆಳೆದ ನನಗೆ ಇಷ್ಟೂ ಹೊಳೆಯದೆ ಹೋಗಿತ್ತು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ ಸ್ವಿಚ್ ಹಾಕಿದೆ, ಚಿತ್ರ ಬಂತು. ಹೆದರಿ ಕೂಡಲೇ ಆರಿಸಿದೆ. ಆಡಿದರೆ ಸವೆದೀತು, ಆಡದಿದ್ದರೆ ತುಕ್ಕು ಹಿಡಿದೀತು. ಜಿಪುಣನ ಕೈಗೆ ಹಬ್ಬದೂಟ ಸಿಕ್ಕ ಹಾಗೆ ನನ್ನ ಪಾಡು.

ಖಂಡೇನವಮಿಯ ಸಂಜೆ ಆಫೀಸಿನ ಆಯುಧಪೂಜೆ ಮುಗಿಸಿ ಬಂದು ನೋಡಿದರೆ, ದೇವರ ಮುಂದೆ ಈಳಿಗೆ, ಕತ್ತರಿ, ಸುತ್ತಿಗೆಗಳ ಸಾಲಿನಲ್ಲಿ ನನ್ನ ಡಬ್ಬಿ! ಗುಂಡಿಗಳಿಗೆಲ್ಲ ಕುಂಕುಮ, ನೆತ್ತಿಗೆ ಚೆಂಡುಹೂವು. ಕ್ಯಾಸೆಟ್ ಕೂರುವ ಸಂದಿಯೊಳಗೆ ಅರಿಶಿನದ ಅಕ್ಷತೆ.

"ದಿನಾ ಅದರ ಸೇವಾನ ಮಾಡ್ತಿದ್ದೆಲ್ಲೋ, ಅದಕ್ಕ ಪೂಜಾಕ್ಕ ಇಟ್ಟೆ" ಎಂದಳು ಅವ್ವ. ನಾನು ಕೈಚಾಚಿದ್ದೇ ತಡ, "ಮುಟ್ಟಬ್ಯಾಡ! ಪೂಜಾಕ್ಕ ಇಟ್ಟ ಆಯುಧ ನಾಳೆತನಕಾ ತಗೀಬಾರ್ದು."

ಅವ್ವನ ಮಾತು ಮೀರುವ ಧೈರ್ಯವಿಲ್ಲ. ಒಳಗೆ ಹಸಿ ಅಕ್ಷತೆ ಏನು ಮಾಡುತ್ತಿದೆಯೋ ಎಂದು ಮಗ್ಗಲು ಬದಲಿಸುತ್ತಲೇ ಬೆಳಗು ಮಾಡಿದೆ.

ಮರುದಿನ ಅಕ್ಕ ಬಂದಳು. ಬನ್ನಿ ಎಲೆ ಕೊಟ್ಟು, ಹೋಳಿಗೆ ಉಂಡು, ಜಮಖಾನೆಯ ಮೇಲೆ ಕೂತೆವು. ಡಬ್ಬಿ ತಲೆಕೆಳಗು ಮಾಡಿದರೆ ಅಕ್ಕಿಕಾಳು ಉದುರಿದವು. ಹಚ್ಚಿದರೆ ಪರದೆಯ ತುಂಬ ಬರೀ ಚುಕ್ಕಿ. ಸ್ಪಿರಿಟ್ ತರಲು ಏಳುವಷ್ಟರಲ್ಲಿ ಅಕ್ಕ ಕ್ಯಾಸೆಟ್ ಕಿತ್ತು 'ಫೂ' ಎಂದು ಊದಿ, ಡಬ್ಬಿಯ ಸಂದಿಗೂ ಊದಿ, ಮತ್ತೆ ಒತ್ತಿದಳು. ಚಿತ್ರ ಬಂತು.

ಆಡಿದೆವು. ನನ್ನ ಒಂದು ಕಣ್ಣು ಟ್ಯಾಂಕಿನ ಮೇಲೆ, ಇನ್ನೊಂದು ಅಡಾಪ್ಟರಿನ ಮೇಲೆ. ಅಕ್ಕ ಇನ್ನೇನು ಗೆಲ್ಲಬೇಕು, ಟಪ್ಪೆಂದು ಪರದೆ ಕಪ್ಪಾಯಿತು. ಸುಟ್ಟ ವಾಸನೆ.

"ನೀನ ವೈರ್ ಜಗ್ಗಿದಿ! ಸೋಲಾಕತ್ತಿದ್ದಿ, ಅದಕ್ಕ!"

"ನಾ ಎಲ್ಲಿ ಜಗ್ಗೀನಿ? ನಿನ್ನ ಉಗುಳಿಗೇ ಸತ್ತದ ಅದು!"

"ಸುಳ್ಳ! ಸಣ್ಣಾಂವ ಇದ್ದಾಗಿಂದ ಹಿಂಗ ನೀ!"

ಡಬ್ಬಿ ಮತ್ತೆ ಹತ್ತಲಿಲ್ಲ. ಪುಣೆಯ ಯಾವ ರಿಪೇರಿಯವನೂ ಅದನ್ನು ಬದುಕಿಸಲಿಲ್ಲ. ಅಕ್ಕ ಊರು ಮುಟ್ಟಿದ ಕೂಡಲೇ ಫೋನು ಮಾಡಿದಳು. "ಖರೇ ಹೇಳು ಕಳ್ಳಾ, ವೈರ್ ನೀನ ಜಗ್ಗಿದ್ದಿ ಹೌದಲ್ಲೊ?" ಇಲ್ಲವೆಂದು ಆಣೆ ಮಾಡಬಹುದಿತ್ತು. ಮಾಡಲಿಲ್ಲ. ಮಾಡಿದ್ದರೆ ಜಗಳ ಅಲ್ಲಿಗೇ ಮುಗಿದುಬಿಡುತ್ತಿತ್ತು.