ಸಿಸ್ಟರಮ್ಮನಿಗೆ ಸಿಕ್ಕ ನಾಲ್ಕು ನಿಮಿಷ

ಇವತ್ತು ಬೆಳಿಗ್ಗೆ ಈಳಿಗೆಮಣೆಯಲ್ಲಿ ಸೋರೆಕಾಯಿ ಹೆಚ್ಚುವಾಗ ಬೆರಳು ಕುಯ್ದುಕೊಂಡೆ. ಮಗಳು ಹತ್ತಿಯಲ್ಲಿ ಟಿಂಚರ್ ಅದ್ದಿ ಒತ್ತಿದಳು. ಸಣ್ಣ ಗಾಯ, ದೇವರು ದೊಡ್ಡವನು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯ ಸಿಸ್ಟರಮ್ಮ ಎದುರಿಗೆ ಬಂದು ನಿಂತಂತಾಯಿತು...

ನಾವಿರುವ ಗುತ್ತಲಿನಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಸರ್ಕಾರಿ ಆಸ್ಪತ್ರೆಯ ತುರ್ತು ವಾರ್ಡಿನಲ್ಲೇ ಸರ್ವೀಸು ಮುಗಿಸಿದ ನರ್ಸು. ರಿಟೈರಾದ ಮೇಲೆ ಜನ ತೀರ್ಥಯಾತ್ರೆಗೆ ಹೋದರೆ ಇವರು ಹೈಸ್ಕೂಲುಗಳಿಗೆ ಹೋಗೋರು. ಮದ್ದೂರು, ಮಳವಳ್ಳಿ, ಹೆಡ್‌ಮಾಸ್ಟರು ಒಪ್ಪಿದ ಕಡೆಯೆಲ್ಲ. ಬ್ಯಾಗಿನಲ್ಲಿ ಚಾಕು ಇಟ್ಟುಕೊಂಡರೆ ಗಂಡಸಾದೆ ಅಂದುಕೊಳ್ಳುವ ವಯಸ್ಸಿನ ಹುಡುಗರ ಮುಂದೆ ಕೂತು ಮಾತಾಡೋರು. ಬುದ್ಧಿವಾದ ಅಲ್ಲ, ವಾರ್ಡಿನಲ್ಲಿ ಕಂಡಿದ್ದು. "ಚುಚ್ಚಿಸ್ಕೊಂಡು ಬಂದೋನೂ ಅಷ್ಟೇ, ಚುಚ್ಚಿ ತನ್ನ ಕೈ ಕುಯ್ಕೊಂಡು ಬಂದೋನೂ ಅಷ್ಟೇ, ಒಂದೇ ಮಾತು ಕಣ್ರಪ್ಪ. 'ಅವ್ವಂಗೆ ಏಳ್ಬ್ಯಾಡಿ ಸಿಸ್ಟರ್' ಅಂತಾರೆ." ಅಷ್ಟು ಕೇಳಿದರೆ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂರೋರು.

ಬರಬರುತ್ತಾ ಮಂಡಿನೋವು ಬಂತು, ಬಸ್ಸು ಹತ್ತಲಾರದೆ ಹೋದರು. ಅದೇ ವರ್ಷ ನನ್ನ ಮಗನ ಸ್ಕೂಲಿನಲ್ಲಿ, ಫೋನಿನಲ್ಲಿ ಯಾರೋ ಏನೋ ಬರೆದರು ಅಂತ, ಒಬ್ಬ ಹುಡುಗ ಇನ್ನೊಬ್ಬನ ತೊಡೆಗೆ ಚಾಕು ಹಾಕಿದ. ಪುಣ್ಯಕ್ಕೆ ಜೀವ ಉಳಿಯಿತು. ಹಾಕಿಸಿಕೊಂಡವನು ನನ್ನ ಮಗನ ಬೆಂಚಿನಲ್ಲೇ ಕೂರುತ್ತಿದ್ದವನು. ಎರಡು ದಿನ ನನ್ನ ಮಗ ಅನ್ನ ಮುಟ್ಟಲಿಲ್ಲ.

ನಾನು ಸ್ಕೂಲಿನ ಸಮಿತಿಯಲ್ಲಿದ್ದೆ. ಸಿಸ್ಟರಮ್ಮನನ್ನು ತಿಂಗಳಿಗೊಂದು ಸಲ ಕರೆಸೋಣ, ಆಟೋ ಚಾರ್ಜು ಕೊಟ್ಟರೆ ಸಾಕು ಅಂದೆ.

"ಅಲ್ಲ ಕಣಮ್ಮ, ಚಾಕು ತರಬ್ಯಾಡಿ ಅನ್ನಕ್ಕೂ ದುಡ್ಡು ಕೊಡಬೇಕಾ? ಎರಡು ಬುಟ್ರೆ ಸರ್ಯೋಯ್ತಾರೆ," ಅಂದರು ಅಧ್ಯಕ್ಷರು.

"ಎರಡು ಬುಡೋದು ಮನೇಲಿ ದಿನಾ ನಡೀತದೆ ಸ್ವಾಮಿ. ಏನು ಸರ್ಯೋದ್ರು?" ಅಂದೆ.

ಎಲ್ಲರೂ ನಕ್ಕರು. ಆ ಬಾಬ್ತಿಗೆ ದುಡ್ಡಿಲ್ಲ ಅಂತ ಬರೆದುಕೊಂಡರು.

ಮೂರು ಮೀಟಿಂಗು ಹೀಗೇ ಆಯಿತು. ನಾಲ್ಕನೇ ಸಲ ಒಪ್ಪಿದರು. ಮನೆದೇವರಿಗೆ ತುಪ್ಪದ ದೀಪ ಹಚ್ಚಿ, ಸಿಸ್ಟರಮ್ಮನನ್ನು ಕರೆದುಕೊಂಡು ಹೋಗಿ ನೋಡಿದರೆ... ಸಮಾರಂಭ! ಶಾಮಿಯಾನ, ಫ್ಲೆಕ್ಸು, ವೇದಿಕೆ ಮೇಲೆ ಹನ್ನೊಂದು ಕುರ್ಚಿ. ನಮ್ಮ ಕಡೆ ಸನ್ಮಾನ ಮಾಡದೆ ಯಾರಿಗೂ ಬಾಯಿ ತೆಗೆಯಲು ಬಿಡೋದಿಲ್ಲವಲ್ಲ. ಪ್ರಾರ್ಥನೆ, ಸ್ವಾಗತ, ಹಾರ. ಒಬ್ಬ ಗಣ್ಯರು ನಾಲೆ ನೀರಿನ ವಿಚಾರ ಮಾತಾಡಿದರು. ಇನ್ನೊಬ್ಬರು ತಾವು ಓದುವಾಗ ಬೆಂಚೇ ಇರಲಿಲ್ಲ ಅಂತ ಅರ್ಧ ಗಂಟೆ. ಸಿಸ್ಟರಮ್ಮನಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆದರು. ಅವರ ಕೈಗೆ ಮೈಕು ಬಂದಾಗ ಸ್ಕೂಲು ಬಿಡಲು ನಾಲ್ಕು ನಿಮಿಷ ಇತ್ತು. "ಮಕ್ಕಳೇ..." ಅಂದು ಶುರುಮಾಡುವಷ್ಟರಲ್ಲಿ ದುದ್ದದ ಕಡೆಯ ಮಕ್ಕಳು ಹೋಗುವ ಬಸ್ಸು ಹಾರನ್ ಹೊಡೆಯಿತು. ಅರ್ಧಕ್ಕರ್ಧ ಮಕ್ಕಳು ಎದ್ದೇಬಿಟ್ಟರು.

ಅವರು ಪೇಟ ತೆಗೆದು ಕುರ್ಚಿ ಮೇಲಿಟ್ಟರು. ಬುಟ್ಟಿಯನ್ನು ನನ್ನ ಕೈಗೆ ತುರುಕಿ, "ಬಾ ಕಣವ್ವ, ಬಸ್ಸಲ್ಲೇ ಮಾತಾಡವ," ಅಂತ ಕುಂಟುತ್ತಲೇ ಹೊರಟರು. ಮೆಟ್ಟಿಲು ಹತ್ತಿಸಲು ನಾನೂ ಕಂಡಕ್ಟರೂ ಇಬ್ಬರೂ ಬೇಕಾಯಿತು. ದುದ್ದದವರೆಗೂ ಕಂಬಿ ಹಿಡಿದು ನಿಂತೇ ಮಾತಾಡಿದರು. ಹುಡುಗರು ಬುಟ್ಟಿಯ ಸೇಬು ಕಚ್ಚಿಕೊಂಡು ಕೇಳಿದರು. ಇಳಿಯುವಾಗ ಒಬ್ಬ, "ಸಿಸ್ಟರೇ, ನಾಳೇನೂ ಬತ್ತೀರಾ?" ಅಂದ.

"ಕಾಲು ಬಂದ್ರೆ ಬತ್ತೀನಿ ಕಣ್ಲಾ."

ಕಾಲು ಬರಲಿಲ್ಲ. ಮಾರನೇ ದಿನಕ್ಕೆ ಮಂಡಿ ಊದಿತ್ತು. ಮತ್ತೆ ಆಟೋ ಚಾರ್ಜು ಕೇಳಿದರೆ, ಮೊನ್ನೆ ತಾನೇ ಅಷ್ಟು ಖರ್ಚು ಮಾಡಿದೀವಲ್ಲ ಅಂದರು. ಮನೆಖರ್ಚಿನಲ್ಲಿ ಉಳಿಸಿ ನಾನೇ ಎರಡು ಸಲ ಕರೆದುಕೊಂಡು ಹೋದೆ, ಅಷ್ಟೇ ನನ್ನ ಶಕ್ತಿ. ಆಮೇಲೆ ಅವರು ಹಾಸಿಗೆ ಹಿಡಿದರು. ಎರಡು ವರ್ಷದ ಹಿಂದೆ ಕಾರ್ತಿಕ ಸೋಮವಾರ ತೀರಿಕೊಂಡರು. ಹೆಚ್ಚು ನರಳಲಿಲ್ಲ, ಅದೊಂದು ದಯೆ.

ಈಗ ಮಗಳು ಅದೇ ಸ್ಕೂಲು, ನಾನು ಅದೇ ಸಮಿತಿ, ಅಧ್ಯಕ್ಷರೂ ಅವರೇ. ಇವತ್ತು ಮಧ್ಯಾಹ್ನ ಮೀಟಿಂಗಿತ್ತು. ಚಾಕು ಚೂರಿಯ ವಿಚಾರ ಮಕ್ಕಳಿಗೆ ತಿಳಿಹೇಳಿಸಲು ಇಡೀ ವರ್ಷಕ್ಕಾಗುವಷ್ಟು ದುಡ್ಡು ಮೇಲಿಂದ ಬಂದಿದೆಯಂತೆ. ಅಧ್ಯಕ್ಷರು ಖುಷಿಯಾಗಿ ನನ್ನ ಕಡೆ ತಿರುಗಿದರು.

"ನಿಮ್ಮ ಪಕ್ಕದ ಮನೆಯೋರು ಒಬ್ರು ಚೆನ್ನಾಗಿ ಮಾತಾಡೋರಲ್ಲ ಕಣಮ್ಮ, ಅವ್ರನ್ನೇ ಕರೆಸುವ."

"ಅವರು ತೀರೋಗಿ ಎರಡು ವರ್ಷ ಆಯ್ತು ಸ್ವಾಮಿ."

"ಅಯ್ಯೋ ಪಾಪ," ಅಂದರು. ಪೆನ್ನು ಹಿಡಿದುಕೊಂಡೇ, "ಬೇರೆ ಯಾರವ್ರೆ ಏಳಿ," ಅಂದರು.

ಯಾರಿದ್ದಾರೆ... ನನಗೂ ಒಂದು ಹೆಸರು ಹೊಳೆಯಲಿಲ್ಲ.